ಒಂದು ಕುರ್ಚಿಗೆ ಎಷ್ಟು ರಕ್ತ ಕೊಡಬೇಕು?

"ನಿಮ್ಮ ಮಿಷನ್ ಸರಿ ಇದೆಯಾ ಮೇಡಂ?"

ಈ ಪ್ರಶ್ನೆ ಕೇಳಿದರೆ ನನಗೆ ಅಂಗಾಲಿನಿಂದ ಉರಿ ಹತ್ತುತ್ತದೆ. ಮೂಡಿಗೆರೆಯಲ್ಲಿ ನಾನು ನಡೆಸುವ ರಕ್ತ ಪರೀಕ್ಷೆಯ ಲ್ಯಾಬಿಗೆ ಬರುವವರೆಲ್ಲ 'ಆ ಮೇಡಂಗೆ ಮೂಗಿನ ತುದೀಲೇ ಕೋಪ' ಎಂದು ಹೇಳಿಕೊಂಡು ಓಡಾಡುವುದು ನನಗೆ ಗೊತ್ತಿದೆ. ಇರಲಿ. ಕೋಪ ಬರಬೇಕಾದ ಕಡೆ ಬಾರದಿದ್ದರೆ ಅದು ಬೇರೆ ಕಾಯಿಲೆ. ಮಳೆಗಾಲದ ಒಂದು ಬೆಳಗ್ಗೆ ಚಿಕ್ಕಮಗಳೂರಿನ ಫಿಜಿಶಿಯನ್ ಒಬ್ಬರು ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಸ್ಯಾಂಪಲ್‌ಗಳನ್ನು ಸೆಂಟ್ರಿಫ್ಯೂಜಿಗೆ ಹಾಕಿ, ಕರೆಂಟು ಹೋಗದಿರಲಿ ಎಂದು ಕಾಯುತ್ತಾ ನಿಂತಿದ್ದೆ.

"ಸರಿ ಇದೆ. ಯಾಕೆ?"

"ಬಾಳೂರು ಕಡೆ ಎಸ್ಟೇಟಿನ ಆ ರೈಟರ್ ಹೆಂಗಸಿನ ಟಿಎಸ್‌ಎಚ್ ನೋಡಿ. ಮಾತ್ರೆ ಶುರು ಮಾಡಿದೆ, ಡೋಸ್ ಏರಿಸಿದೆ, ಮತ್ತೆ ಏರಿಸಿದೆ. ಇಳಿಯೋದೇ ಇಲ್ಲ ಅಂದ್ರೆ ಏನರ್ಥ? ನಿಮ್ಮ ಕಡೆಯೇ ಏನೋ ತೊಂದರೆ ಇರಬೇಕು."

ನಾನು ಪೆಥಾಲಜಿಸ್ಟ್. ಅಂದರೆ ರೋಗಿಯ ಮುಖ ನೋಡದ ಡಾಕ್ಟರು. ನನ್ನ ಹತ್ತಿರ ಬರುವುದು ಮುಚ್ಚಳ ಹಾಕಿದ ಟ್ಯೂಬು, ಅದರ ಮೇಲೊಂದು ಹೆಸರು. ಈ ಹೆಸರು ಮಾತ್ರ ಮತ್ತೆ ಮತ್ತೆ ಬಂದು ನನಗೂ ಪರಿಚಯವಾಗಿತ್ತು. ಟಿಎಸ್‌ಎಚ್ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳುವಾಗ ನಾನು ಮೇಸ್ತ್ರಿಯ ಹೋಲಿಕೆ ತರುತ್ತೇನೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸದ ಆಳು. ಮಿದುಳಿನ ಬುಡದಲ್ಲಿರುವ ಇನ್ನೊಂದು ಗ್ರಂಥಿ ಅದರ ಮೇಸ್ತ್ರಿ. ಆಳು ಸುಸ್ತಾಗಿ ಕೂತರೆ ಮೇಸ್ತ್ರಿ ಕೂಗುತ್ತಾನೆ. ಆ ಕೂಗೇ ಟಿಎಸ್‌ಎಚ್. ಥೈರಾಯ್ಡ್ ಕಡಿಮೆಯಾದಷ್ಟೂ ಕೂಗು ಜೋರು. ಹೊರಗಿನಿಂದ ಮಾತ್ರೆ ಕೊಟ್ಟರೆ ಕೆಲಸ ನಡೆದು ಕೂಗು ಇಳಿಯಬೇಕು. ಈಕೆಯ ರಕ್ತದಲ್ಲಿ ಮಾತ್ರ ಮಾತ್ರೆ ಏರಿದರೂ ಮೇಸ್ತ್ರಿ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ.

ಈ ಪರೀಕ್ಷೆಗಳು ಶುರುವಾದದ್ದು ಎಲ್ಲಿಂದ ಎಂಬುದು ನನಗೆ ಆಮೇಲೆ ತಿಳಿಯಿತು. ಕೇಳಿದರೆ ನೀವೂ ನಂಬಲಾರಿರಿ. ಶುರುವಾದದ್ದು ಒಂದು ಕುರ್ಚಿಯಿಂದ.

ಎಸ್ಟೇಟಿನಲ್ಲಿ ರೈಟರ್ ಎಂದರೆ ಬೆಳಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರು ಕೂಗಿ ಹಾಜರಿ ಹಿಡಿಯುವವರು, ಸಂಜೆ ಕೊಯ್ದು ತಂದ ಕಾಫಿ ಹಣ್ಣನ್ನು ಅಳೆಸಿ ಬರೆದುಕೊಳ್ಳುವವರು. ಕೊಯ್ಲಿನ ಕಾಲದಲ್ಲಿ ಅಳತೆ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ಈಕೆಗೆ ಕತ್ತು, ಭುಜ, ಸೊಂಟ, ಅಂಗಾಲು ಎಲ್ಲ ಕಡೆ ನೋವು. ರಾತ್ರಿ ಮಲಗಿ ಬೆಳಗ್ಗೆ ಏಳುವಾಗ ಮಲಗುವ ಮುಂಚಿಗಿಂತ ಹೆಚ್ಚು ಸುಸ್ತು. ವರ್ಷಗಟ್ಟಲೆ ಮುಲಾಮು ತಿಕ್ಕಿ, ಗ್ಯಾಸು, ವಾಯು, ಸೋಮಾರಿತನ ಎಂಬ ಹೆಸರುಗಳನ್ನೆಲ್ಲ ಹೊತ್ತು, ಕೊನೆಗೆ ಮಂಗಳೂರಿನ ಕೀಲುರೋಗದ ತಜ್ಞರ ಹತ್ತಿರ ಹೋದಾಗ ಅವರು ಇದು ಫೈಬ್ರೊಮಯಾಲ್ಜಿಯ ಎಂದರು. ಮೂಳೆ ಮುರಿದಿಲ್ಲ, ಕೀಲು ಸವೆದಿಲ್ಲ, ಆದರೆ ನೋವನ್ನು ಹೊತ್ತು ತರುವ ನರಗಳು ಸಣ್ಣದನ್ನೂ ದೊಡ್ಡದು ಮಾಡಿ ಹೇಳುತ್ತವೆ. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ರಕ್ತದಲ್ಲಿ ಕಾಣುವುದಿಲ್ಲ. ನೋವು ಮಾತ್ರ ನಿಜ. ನಿಧಾನಕ್ಕೆ ನಡೆಯಬೇಕು, ಚೆನ್ನಾಗಿ ನಿದ್ದೆ ಮಾಡಬೇಕು, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಬಾರದು ಎಂದು ಚೀಟಿ ಬರೆದುಕೊಟ್ಟಿದ್ದರು.

ಆಕೆ ಆ ಚೀಟಿ ಹಿಡಿದು ಎಸ್ಟೇಟಿನ ಸಾಹುಕಾರರ ಮುಂದೆ ನಿಂತು ಕೇಳಿದ್ದು ಇಷ್ಟೇ: ಅಳತೆ ಮಾಡುವ ಕಣದಲ್ಲಿ ಕೂರಲು ಒಂದು ಕುರ್ಚಿ. ಅಲ್ಲೊಂದು ರೂಢಿ. ಅಳತೆಯ ಹೊತ್ತಿಗೆ ಸಾಹುಕಾರರು ಬಂದು ನಿಲ್ಲುತ್ತಾರೆ, ಅವರು ನಿಂತಿರುವಾಗ ಬೇರೆ ಯಾರೂ ಕೂರುವಂತಿಲ್ಲ. ಅವರ ಅಪ್ಪನ ಕಾಲದಿಂದ ಹಾಗೇ. ಅವರು, "ನಮ್ ಡಾಕ್ಟ್ರ ಹತ್ರ ಬರ್ಸ್ಕೊಂಡು ಬಾ, ನೋಡನ" ಎಂದರು. ಆ 'ನಮ್ ಡಾಕ್ಟ್ರು' ಎಂದರೆ ನನಗೆ ಫೋನ್ ಮಾಡಿದ ಫಿಜಿಶಿಯನ್. ಅವರು ಮಂಗಳೂರಿನ ಚೀಟಿಯನ್ನು ಬಿಡಿಸಿಯೂ ನೋಡದೆ ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಕಡಿಮೆ ಬಂತು. ಫಿಜಿಶಿಯನ್‌ಗೆ ಕಳೆದುಹೋದ ಬೀಗದ ಕೈ ಸಿಕ್ಕಷ್ಟು ಸಂತೋಷ.

"ಇದೇ ನೋಡು ನಿನ್ನ ಕಾಯಿಲೆ. ಆ ಫೈಬ್ರೊ ಗೀಬ್ರೊ ಎಲ್ಲ ಬಿಟ್ಹಾಕು. ಮಾತ್ರೆ ತಗೋ, ಕೊಯ್ಲಿನ ಹೊತ್ತಿಗೆ ಕುಣೀತೀಯ" ಎಂದು ಆಕೆಗೆ ಹೇಳಿದರು. ಕುರ್ಚಿ ಬೇಕಾಗುವುದಿಲ್ಲ ಎಂದು ಸಾಹುಕಾರರಿಗೆ ಹೇಳಿದರು.

ನ್ಯಾಯವಾಗಿ ಹೇಳಬೇಕು, ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋಯುತ್ತದೆ, ಸುಸ್ತಾಗುತ್ತದೆ, ತಲೆ ಮಂಕಾಗುತ್ತದೆ. ಎರಡು ಕಾಯಿಲೆಗಳೂ ಅಕ್ಕತಂಗಿಯರ ಹಾಗೆ ಕಾಣುವುದರಿಂದ ನೋಡಲೇಬೇಕು. ಆದರೆ ಒಬ್ಬ ಮನುಷ್ಯನಿಗೆ ಎರಡೂ ಇರಬಹುದು ಎಂಬ ಸಾಮಾನ್ಯ ವಿಷಯ ಇಷ್ಟು ಓದಿದವರ ತಲೆಗೆ ಯಾಕೆ ಹೋಗುವುದಿಲ್ಲ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಮಿಷನ್ ಮೇಲೆ ಮಾತು ಬಂದಿತ್ತಲ್ಲ, ಮೊದಲು ಅದನ್ನು ತೀರಿಸಬೇಕಿತ್ತು. ಉತ್ತರ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್‌ಗಳನ್ನು ಓಡಿಸಿದೆ, ಬರಬೇಕಾದದ್ದೇ ಬಂತು. ಫ್ರೀಜರಿನಲ್ಲಿ ಇಟ್ಟಿದ್ದ ಆಕೆಯ ಹಳೆಯ ಸೀರಂ, ಅಂದರೆ ರಕ್ತದ ತಿಳಿಯನ್ನು, ತೆಗೆದು ಮತ್ತೆ ನೋಡಿದೆ, ಹಿಂದಿನದೇ ಅಂಕಿ. ಕೆಲವರ ರಕ್ತದಲ್ಲಿರುವ ಯಾವುದೋ ಪ್ರೋಟೀನು ಪರೀಕ್ಷೆಗೇ ಮಂಕುಬೂದಿ ಎರಚುವುದುಂಟು. ಹಾಗಿದ್ದರೆ ಸೀರಂ ತೆಳು ಮಾಡಿದಾಗ ಲೆಕ್ಕ ತಪ್ಪುತ್ತದೆ. ಅರ್ಧಕ್ಕೆ ತೆಳು ಮಾಡಿದೆ, ಅಂಕಿ ಅರ್ಧವಾಯಿತು. ಮತ್ತೂ ಅರ್ಧ ಮಾಡಿದೆ, ಅದರ ಅರ್ಧ. ಲೆಕ್ಕ ತಪ್ಪಲಿಲ್ಲ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗುವವರಲ್ಲೂ ಅಂಕಿ ಕೆಡುತ್ತದೆ, ಆದರೆ ನಾನು ಬಳಸುವ ವಿಧಾನದಲ್ಲಿ ಅದು ಟಿಎಸ್‌ಎಚ್ ಅನ್ನು ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚು ತೋರಿಸುವುದಿಲ್ಲ. ಕೊನೆಗೆ ಉಳಿದ ಸೀರಂ ಅನ್ನು ಐಸ್ ಡಬ್ಬದಲ್ಲಿಟ್ಟು ಬೇರೆ ಕಂಪನಿಯ ಮಿಷನ್ ಇರುವ ಮಂಗಳೂರಿನ ಲ್ಯಾಬಿಗೆ ಕಳಿಸಿದೆ. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತು, ಐಸು ಕರಗಿತು. ಆಕೆಯಿಂದ ಇನ್ನೊಮ್ಮೆ ರಕ್ತ ತರಿಸಿ ಇನ್ನೊಮ್ಮೆ ಕಳಿಸಿದೆ. ಅಲ್ಲಿಯೂ ಅದೇ ಉತ್ತರ.

ಎಲ್ಲವನ್ನೂ ಫಿಜಿಶಿಯನ್‌ಗೆ ಹೇಳಿದೆ. ಅವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಯೋಚಿಸಲಿಲ್ಲ.

"ಹಾಗಾದರೆ ಅವಳು ಮಾತ್ರೆ ನುಂಗ್ತಾ ಇಲ್ಲ. ಕುರ್ಚಿ ಬೇಕಲ್ಲ, ಕಾಯಿಲೆ ಉಳಿಸ್ಕೊಂಡಿದ್ದಾಳೆ."

ಮಿಷನ್ ಮೇಲೆ ಅನುಮಾನ ಬಂದಾಗ ಇಷ್ಟೆಲ್ಲ ಪರೀಕ್ಷೆ ಮಾಡಬೇಕಾಯಿತು. ಹೆಂಗಸಿನ ಮೇಲೆ ಅನುಮಾನ ಬಂದಾಗ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ನಾನು ಫೋನಿಟ್ಟು, ಟೇಬಲ್ಲಿನ ಮೇಲಿದ್ದ ಗ್ಲೌಸಿನ ಡಬ್ಬವನ್ನು ಗೋಡೆಗೆ ಎಸೆದೆ. ಗೋಣಿಬೀಡಿನಿಂದ ಬರುವ ನನ್ನ ಟೆಕ್ನಿಷಿಯನ್ ಹುಡುಗಿ ಏನೂ ಆಗಿಲ್ಲವೆಂಬಂತೆ ಅದನ್ನು ಎತ್ತಿಟ್ಟಳು. ಅವಳಿಗೆ ಅಭ್ಯಾಸವಾಗಿದೆ.

ಈ ಮಾತನ್ನು ಫಿಜಿಶಿಯನ್ ಸಾಹುಕಾರರ ಕಿವಿಗೂ ಹಾಕಿದರು. ಇಳಿಯದ ಅಂಕಿಯಂತೂ ಅವರ ಕೈಗೆ ಮೊದಲೇ ಸಿಕ್ಕಿತ್ತು. ನಮ್ಮ ಕಡೆ ಲ್ಯಾಬುಗಳಲ್ಲಿ ನಡೆದುಕೊಂಡು ಬಂದ ಪದ್ಧತಿಯೇ ಹಾಗಿದೆ. ಎಸ್ಟೇಟಿನವರ ಪರೀಕ್ಷೆಗೆ ಎಸ್ಟೇಟ್ ಬಿಲ್ ಕಟ್ಟುತ್ತದೆ, ಹಾಗಾಗಿ ರಿಪೋರ್ಟು ನೇರ ಎಸ್ಟೇಟ್ ಆಫೀಸಿನ ವಾಟ್ಸ್ಯಾಪಿಗೆ ಹೋಗುತ್ತದೆ. ರಕ್ತ ಕೊಟ್ಟವರಿಗೆ ಸುದ್ದಿ ಗೊತ್ತಾಗುವುದು ಕೊನೆಗೆ.

ದಸರಾ ಮುಗಿದ ಮೇಲೆ ಒಂದು ದಿನ ಟೆಕ್ನಿಷಿಯನ್ ರಜೆಯಲ್ಲಿದ್ದಳು. ರಕ್ತ ತೆಗೆಯಲು ನಾನೇ ಕೂತಿದ್ದೆ. ಬಾಳೂರಿನ ಬಸ್ಸಿಳಿದು ಬಂದ ಒಬ್ಬಳು ಬೆಂಚಿನ ಮೇಲೆ ಮೆಲ್ಲಗೆ, ಒಂದೊಂದೇ ಭಾಗವನ್ನು ಇಳಿಸುವ ಹಾಗೆ ಕೂತಳು. ಮುಖ ಊದಿಕೊಂಡಿತ್ತು, ದನಿ ಒಡೆದಿತ್ತು. ಹೆಸರು ಕೇಳಿದೆ. ಟ್ಯೂಬಿನ ಮೇಲೆ ನೋಡಿ ನೋಡಿ ಪರಿಚಯವಿದ್ದ ಹೆಸರು. ನಾನು ತೋಳಿಗೆ ರಬ್ಬರ್ ಪಟ್ಟಿ ಬಿಗಿದ ಕೂಡಲೇ ಆಕೆ ಹಲ್ಲು ಕಚ್ಚಿದಳು.

"ಸೂಜಿ ಇನ್ನೂ ಹಾಕೇ ಇಲ್ಲ" ಎಂದೆ.

"ಸೂಜಿಗೆ ಎಂತ ಆಗದಿಲ್ಲ ಮೇಡಮ್ಮೋರೆ. ಕಟ್ಟಿದ್ರಲ್ಲ, ಅದು. ಒತ್ತಿದ್ರೆ ನಂಗೆ ತಡೆಯಕ್ಕೆ ಆಗದಿಲ್ಲ."

ಪಟ್ಟಿ ಸಡಿಲಿಸಿ ರಕ್ತ ತೆಗೆದೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದೇ ತಪ್ಪಾಯಿತೋ ಏನೋ, ಆಕೆ ನನ್ನನ್ನು ನೋಡಿ ಒಂಥರಾ ನಕ್ಕಳು.

"ಈಗ ನಾನು ತಗೊಳ್ಳದಿಲ್ಲ, ಅವ್ರೇ ಕೊಡದು. ದಿನಾ ಮಸ್ಟರಲ್ಲಿ. ಆಳುಗಳು ಎಲ್ಲಾ ನಿಂತಿರ್ತಾರಲ್ಲ, ಅವ್ರ ಎದ್ರಿಗೆ. ಮಾತ್ರೆ ಡಬ್ಬಿ ಈಗ ಸಾವ್ಕಾರ್ರ ಹತ್ರನೇ ಇರದು. ನುಂಗಿದ ಮೇಲೆ ಬಾಯಿ ಕಳೀಬೇಕು, ನಾಲ್ಗೆ ಎತ್ತಿ ತೋರಿಸ್ಬೇಕು. ಮೇಸ್ತ್ರಿ ನೋಡ್ತಾರೆ. ಆಮೇಲೆ ಅದೇ ಬಾಯಲ್ಲಿ ಎಲ್ರ ಹೆಸ್ರು ಕೂಗ್ಬೇಕು."

"ನೀವು ಒಪ್ಪಿಕೊಂಡ್ರಾ?"

"ಮತ್ತೆ ಎಂತ ಮಾಡದು? ಇರದು ಎಸ್ಟೇಟಿನ ಕ್ವಾರ್ಟರ್ಸಲ್ಲಿ. ಕೆಲ್ಸ ಬಿಟ್ರೆ ಮನೇನೂ ಬಿಡ್ಬೇಕು. ಗಂಡ ಇದ್ದಿದ್ರೆ ಬೇರೆ ಮಾತು. ನಾನೂ ಮಗಳೂ ಎಲ್ಲಿಗೆ ಅಂತ ಹೋಗದು?"

ಸೊಸೆ ತರುವ ವಯಸ್ಸಿನ ಮಕ್ಕಳಿರುವ ಗಂಡಸರು ಇಬ್ಬರು ಒಂದು ಹೆಂಗಸಿನ ನಾಲಿಗೆಯ ಅಡಿ ಇಣುಕಿ ನೋಡುತ್ತಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ಸಿಟ್ಟಿನಲ್ಲಿ ಟ್ಯೂಬಿನ ಮೇಲೆ ಬರೆದ ಅಕ್ಷರ ಸೊಟ್ಟಗಾಯಿತು. ಆದರೂ ಒಳಗೊಳಗೆ ಒಂದು ಸಮಾಧಾನವಿತ್ತು. ಅಷ್ಟು ಜನರ ಕಣ್ಣೆದುರಿಗೆ ವಾರಗಟ್ಟಲೆ ನುಂಗಿದ್ದಾಳೆ, ಈ ಸಲ ಟಿಎಸ್‌ಎಚ್ ಇಳಿದೇ ಇಳಿಯುತ್ತದೆ, ಅವರೆಲ್ಲರ ಬಾಯಿ ಮುಚ್ಚುತ್ತದೆ ಎಂದುಕೊಂಡೆ.

ಇಳಿಯಲಿಲ್ಲ. ಮಧ್ಯಾಹ್ನ ಮಿಷನ್ ಕೊಟ್ಟ ಅಂಕಿ ಹಿಂದಿನಷ್ಟೇ ಇತ್ತು. ಫಿಜಿಶಿಯನ್‌ಗೆ ಫೋನ್ ಮಾಡಿ, ಕಣ್ಣೆದುರಿಗೆ ನುಂಗಿದರೂ ಹೀಗಿದೆ, ಹೀರಿಕೊಳ್ಳುವುದರಲ್ಲೇ ಏನೋ ತೊಂದರೆ ಇರಬೇಕು, ಕರುಳು ನೋಡಿ ಎಂದೆ.

"ಹಿಂದೆ ಹೋಗಿ ವಾಂತಿ ಮಾಡ್ತಾಳೆ ಮೇಡಂ. ಇಂಥವರನ್ನ ಎಷ್ಟು ಜನ ನೋಡಿಲ್ಲ ನಾನು. ಸಾಹುಕಾರರು ದೀಪಾವಳಿ ಆಗ್ತಿದ್ದ ಹಾಗೆ ಕೆಲಸದಿಂದ ತೆಗೀತಾರಂತೆ. ಕೊಯ್ಲಿಗೆ ಬೇರೆ ರೈಟರ್ ನೋಡಿ ಆಗಿದೆ."

ಅವತ್ತು ನಾನು ನಿರ್ಧಾರ ಮಾಡಿದೆ. ಟ್ಯೂಬಿನೊಳಗೆ ನೋಡಬೇಕಾದ್ದನ್ನೆಲ್ಲ ನೋಡಿ ಆಗಿತ್ತು. ಇನ್ನು ಉಳಿದದ್ದು ಟ್ಯೂಬಿನ ಹೊರಗೆ ಎಲ್ಲೋ ಇರಬೇಕು. ಮಾರನೆಯ ಬೆಳಗ್ಗೆ ಲ್ಯಾಬನ್ನು ಟೆಕ್ನಿಷಿಯನ್‌ಗೆ ಒಪ್ಪಿಸಿ, ಕಾರು ತೆಗೆದುಕೊಂಡು ಮಸ್ಟರಿನ ಹೊತ್ತಿಗೆ ಸರಿಯಾಗಿ ಬಾಳೂರಿನ ಮೇಲಿರುವ ಆ ಎಸ್ಟೇಟಿಗೆ ಹೋದೆ.

ಸಾಹುಕಾರರು ಆಶ್ಚರ್ಯಪಟ್ಟರೂ ಮರ್ಯಾದೆಯಿಂದಲೇ ಬರಮಾಡಿಕೊಂಡರು. ಒಳ್ಳೆಯ ಮನುಷ್ಯ ಎಂದು ಊರಿನಲ್ಲಿ ಹೆಸರಿದೆ. ಕೈಗೊಂದು ಕಾಫಿ ಬಂತು. ಆಫೀಸಿನ ಮುಂದೆ ಆಳುಗಳು ಸಾಲಾಗಿ ನಿಂತಿದ್ದರು. ದೊಡ್ಡ ಅಲ್ಯೂಮಿನಿಯಂ ಕೆಟಲ್ಲಿನಲ್ಲಿ ಬೆಲ್ಲದ ಕಾಫಿ ಸುತ್ತು ಬರುತ್ತಿತ್ತು, ಅವರವರ ಲೋಟಕ್ಕೆ ಅವರವರು ಹಿಡಿಯುತ್ತಿದ್ದರು. ಚಳಿಗೆ ಎಲ್ಲರ ಬಾಯಲ್ಲೂ ಹೊಗೆ. ಸಾಹುಕಾರರು ಜೇಬಿನಿಂದ ಡಬ್ಬಿ ತೆಗೆದು ಒಂದು ಮಾತ್ರೆ ಕೊಟ್ಟರು. ರೈಟರಮ್ಮ ಅದನ್ನು ಬಾಯಿಗೆ ಹಾಕಿಕೊಂಡು, ಮೇಸ್ತ್ರಿ ಕೊಟ್ಟ ಲೋಟವನ್ನು ಎತ್ತಿ ಗುಟುಕರಿಸಿ ನುಂಗಿದಳು. ಬಾಯಿ ತೆರೆದಳು, ನಾಲಿಗೆ ಎತ್ತಿದಳು. ಮೇಸ್ತ್ರಿ ಬಗ್ಗಿ ನೋಡಿ ತಲೆಯಾಡಿಸಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನೋಡಿದ್ರಲ್ಲ ಮೇಡಂ" ಎಂದರು ಸಾಹುಕಾರರು. "ನಾವು ನಮ್ ಕೈಲಾದ್ದು ಮಾಡಿದೀವಿ. ಇನ್ನೆಂತ ಮಾಡನ ಹೇಳಿ."

ನಾನೂ ನೋಡಿದ್ದೆ. ಎಲ್ಲರ ಹಾಗೆ ಕಣ್ಣು ಬಿಟ್ಟು ನೋಡಿದ್ದೆ, ನನಗೂ ಏನೂ ಕಾಣಲಿಲ್ಲ. ನನ್ನ ಕೈಯಲ್ಲಿದ್ದ ಕಾಫಿಯನ್ನು ಬಾಯಿಗೆ ಎತ್ತಿದೆ. ಆಗ ಹೊಳೆಯಿತು. ಲೋಟ ಅಲ್ಲಿಯೇ ನಿಂತಿತು.

"ದಿನಾ ಕಾಫಿಯಲ್ಲೇ ನುಂಗೋದಾ?" ಎಂದು ರೈಟರಮ್ಮನನ್ನು ಕೇಳಿದೆ.

"ಹೌದು. ಮತ್ತೆ ಎಂತದ್ರಲ್ಲಿ ನುಂಗದು?"

"ಮೊದಲು ಮನೇಲಿ ನುಂಗ್ತಿದ್ದಾಗ?"

"ಆಗ್ಲೂ ಕಾಫೀಲೇ. ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಅಂತ ಹೇಳಿದ್ರು ಡಾಕ್ಟ್ರು. ಹಂಗೇ ಮಾಡಿದೀನಿ, ಒಂದಿನಾನೂ ತಪ್ಸಿಲ್ಲ."

ಸಾಹುಕಾರರು ನಡುವೆ ಬಾಯಿ ಹಾಕಿದರು. "ಖಾಲಿ ಹೊಟ್ಟೇಲೇ ಮೇಡಂ, ಸುಳ್ಳಲ್ಲ. ತಿಂಡಿಗೆ ಬಿಡದು ಆಮೇಲೆ."

"ಕಾಫಿ ಕುಡಿಸ್ತಿದ್ದೀರಲ್ಲ!"

"ಅಯ್ಯೋ, ಕಾಫೀನ ಯಾರು ಲೆಕ್ಕಕ್ಕೆ ಹಿಡೀತಾರೆ ಮಾರಾಯ್ತಿ!"

ನಮ್ಮ ಈ ಗುಡ್ಡಗಳಲ್ಲಿ ಕಾಫಿ ಯಾರ ಲೆಕ್ಕಕ್ಕೂ ಇಲ್ಲ, ನಿಜ. ನೀರಿನ ಹಾಗೆ, ಗಾಳಿಯ ಹಾಗೆ ಅದು ಇದ್ದೇ ಇರುತ್ತದೆ. ಉಪವಾಸದ ದಿನವೂ ಕುಡಿಯುತ್ತೇವೆ, ಸ್ಕ್ಯಾನಿಂಗಿಗೆ ಏನೂ ತಿನ್ನದೆ ಬನ್ನಿ ಎಂದರೆ ಕುಡಿದೇ ಬರುತ್ತೇವೆ. ಆದರೆ ಥೈರಾಯ್ಡ್ ಮಾತ್ರೆಗೂ ಕಾಫಿಗೂ ಆಗಿಬರುವುದಿಲ್ಲ. ಎರಡೂ ಒಟ್ಟಿಗೆ ಒಳಗೆ ಹೋದರೆ ಕರುಳು ಮಾತ್ರೆಯನ್ನು ಹೀರಿಕೊಳ್ಳದೆ ಹಾಗೇ ಮುಂದಕ್ಕೆ ಕಳಿಸಿಬಿಡಬಹುದು. ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ, ಈಕೆಗೆ ಆಗಿತ್ತು. ಆ ಹೆಂಗಸಿನ ನಾಲಿಗೆಯ ಅಡಿಯವರೆಗೆ ಹುಡುಕಿದವರಿಗೆ ತಾವೇ ಕೈಗೆ ಕೊಟ್ಟ ಲೋಟ ಕಾಣಲಿಲ್ಲ.

ನಾನು ಅಲ್ಲಿ ಕೂಗಾಡಿದೆ. ಆಳುಗಳ ಎದುರಿಗೇ ಕೂಗಾಡಿದೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. "ಇಷ್ಟು ದಿನ ನೀವೇ ನಿಂತು ಇವರ ಮಾತ್ರೆ ಹಾಳು ಮಾಡಿದ್ದೀರಿ, ಮೇಲಿಂದ ಇವರನ್ನೇ ಕಳ್ಳಿ ಅಂದಿದ್ದೀರಿ" ಎಂದೆ. ಸಾಹುಕಾರರ ಮುಖ ಕೆಂಪಾಯಿತು. ಅವರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು, ನಾನು ರೈಟರಮ್ಮನ ಕೈಗೆ ಕೊಟ್ಟೆ. ಎದ್ದ ಕೂಡಲೇ ಮನೆಯಲ್ಲೇ, ಬರೀ ನೀರಿನಲ್ಲಿ. ಆಮೇಲೆ ಒಂದು ಗಂಟೆ ಕಾಫಿಯ ವಾಸನೆಯೂ ಬೇಡ. ಇಷ್ಟೇ ಔಷಧ.

ವಾಪಸು ಬರುವಾಗ ದಾರಿಯಲ್ಲೇ ಕಾರು ನಿಲ್ಲಿಸಿ ಫಿಜಿಶಿಯನ್‌ಗೆ ಹೇಳಿದೆ. ಇನ್ನೊಂದು ಅಪಾಯವಿತ್ತು. ಇಳಿಯುತ್ತಿಲ್ಲವೆಂದು ಅವರು ಡೋಸನ್ನು ಏರಿಸುತ್ತಾ ಹೋಗಿದ್ದರಲ್ಲ, ಈಗ ಅಷ್ಟೂ ಒಳಗೆ ಹೋದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಇವತ್ತೇ ಇಳಿಸಿ ಎಂದೆ.

"ಕಾಫಿನಾ? ನಾನು ಖಾಲಿ ಹೊಟ್ಟೆ ಅಂತ ಹೇಳೇ ಹೇಳ್ತೀನಲ್ಲ..." ಎಂದರು. ಡೋಸ್ ಇಳಿಸಿದರು. ಕ್ಷಮೆ ಎಂಬ ಪದ ಅವರ ಬಾಯಿಂದ ಬರಲಿಲ್ಲ, ನಾನೂ ಕಾಯಲಿಲ್ಲ.

ದೀಪಾವಳಿಗೆ ಕೆಲಸದಿಂದ ತೆಗೆಯುವ ಮಾತು ಮುಂದಕ್ಕೆ ಹೋಯಿತು. ಮುಂದಿನ ರಿಪೋರ್ಟು ಬರಲಿ, ಆಮೇಲೆ ನೋಡನ ಎಂದರಂತೆ ಸಾಹುಕಾರರು. ಟಿಎಸ್‌ಎಚ್ ಇಳಿಯಲು ವಾರಗಳು ಬೇಕು. ಆ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗಿತ್ತು. ಮತ್ತೆ ರಕ್ತ ಕೊಡಲು ಬಂದಾಗ ರೈಟರಮ್ಮನ ಮುಖದ ಊತ ಇಳಿದು, ದನಿ ತಿಳಿಯಾಗಿತ್ತು. ಈ ಸಲ ಪಟ್ಟಿ ಬಿಗಿಯದೆ ಕೈಯಲ್ಲೇ ಹಿಡಿದು ರಕ್ತ ತೆಗೆದೆವು. ಆಕೆಯನ್ನು ಕೂರಿಸಿಕೊಂಡೇ ಮಿಷನ್ ಓಡಿಸಿದೆ. ಅಂಕಿ ಬಂತು. ನಾರ್ಮಲ್. ಟೆಕ್ನಿಷಿಯನ್ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಪ್ರಿಂಟನ್ನು ತೆಗೆದುಕೊಂಡು ಹೋಗಿ ಆಕೆಯ ಮುಂದೆ ಹಿಡಿದೆ.

ಆಕೆಯ ಮುಖದಲ್ಲಿ ನಗು ಬರಲಿಲ್ಲ.

"ಎಲ್ಲಾ ಸರಿ ಇದೆಯಾ? ಒಂದು ಚೂರೂ ಹೆಚ್ಚುಕಮ್ಮಿ ಇಲ್ವಾ?"

"ಎಲ್ಲಾ ಸರಿ. ಹೇಗಿದ್ದೀರಿ ಈಗ?"

"ಚಳಿ ಕಮ್ಮಿ ಆಗಿದೆ. ತಲೆ ತಿಳಿಯಾಗಿದೆ, ಹೆಸ್ರು ಮರೆಯದಿಲ್ಲ ಈಗ. ಆದ್ರೆ ನೋವು ಹಂಗೇ ಇದೆ ಮೇಡಮ್ಮೋರೆ. ನಿನ್ನೆ ಅಳತೆ ಮುಗ್ಸಿ ಮನೆಗೆ ಹೋಗಿ ಬಾಗ್ಲಲ್ಲೇ ಕೂತ್ಬಿಟ್ಟೆ, ಮಗಳು ಬಂದು ಎಬ್ಬಿಸ್ಬೇಕಾಯ್ತು." ಆಕೆ ಪ್ರಿಂಟನ್ನು ಮಡಚಿದಳು, ಮತ್ತೆ ಬಿಡಿಸಿದಳು. "ಒಂದು ಮಾತು ಕೇಳ್ತೀನಿ, ಬೈಬೇಡಿ. ಇದನ್ನ ಆಫೀಸಿಗೆ ಕಳಿಸ್ಬೇಡಿ. ಹಳೇದೇ ಇನ್ನೊಂದ್ಸಲ ಕಳ್ಸಿ."

"ಏನು ಹೇಳ್ತಿದ್ದೀರಿ ನೀವು?"

"ಕೆಟ್ಟಿದ್ದಾಗ, ಮೊದ್ಲು ಇದು ಸರಿ ಆಗ್ಲಿ ಅಂದ್ರು. ಈಗ ಸರಿ ಆಯ್ತು ಅಂದ್ರೆ, ನಿಂಗೆ ಇನ್ನೆಂತ ಆಗಿದೆ, ನಿಂತ್ಕೋ ಅಂತಾರೆ. ಕೆಟ್ಟದ್ದು ಇದ್ರೆ ಕುರ್ಚಿ ಬಗ್ಗೆ ಮಾತಾದ್ರೂ ಆಡಬೋದು. ಇದ್ರಲ್ಲಿ ಅದೂ ಇಲ್ಲ."

ನಾನು ಲ್ಯಾಬ್ ಶುರು ಮಾಡಿದಾಗಿನಿಂದ ಒಳ್ಳೆಯ ರಿಪೋರ್ಟಿಗೆ ಹೆದರಿದವರನ್ನು ಕಂಡದ್ದು ಅವತ್ತೊಂದೇ ದಿನ. ಸುಳ್ಳು ರಿಪೋರ್ಟು ಕೊಡಲಾರೆ ಎಂದು ಹೇಳಿದೆ. ಆಕೆಗೂ ಅದು ಗೊತ್ತಿತ್ತು, ತಲೆ ತಗ್ಗಿಸಿದಳು. ಆದರೆ ಕಳಿಸದೆ ಇರುವುದು ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಟೆಕ್ನಿಷಿಯನ್ ಎಂದಿನಂತೆ ಎಸ್ಟೇಟ್ ಆಫೀಸಿನ ನಂಬರಿಗೆ ಕಳಿಸಲು ಹೊರಟಿದ್ದಳು.

"ನಿಲ್ಸು" ಎಂದೆ. "ಆ ನಂಬರ್ ತೆಗೆದುಹಾಕು. ಇವರದ್ದಷ್ಟೇ ಅಲ್ಲ, ಎಲ್ಲಾ ಎಸ್ಟೇಟಿನವರದ್ದೂ. ಇನ್ನು ಮೇಲೆ ಯಾರ ರಕ್ತವೋ ಅವರ ಕೈಗೆ ರಿಪೋರ್ಟು."

ಸಂಜೆಯೊಳಗೆ ಸಾಹುಕಾರರ ಫೋನು ಬಂತು. "ನಮ್ಮ ರೈಟರಮ್ಮನ ರಿಪೋರ್ಟ್ ಬಂದಿಲ್ವಲ್ಲ ಮೇಡಂ?"

"ಅವರ ಕೈಗೆ ಕೊಟ್ಟಿದ್ದೀನಿ."

"ಬಿಲ್ ಕಟ್ಟದು ನಾನಲ್ವಾ?"

"ಬಿಲ್ ನಿಮ್ಮದು. ರಕ್ತ ಅವರದ್ದು."

"ಇಷ್ಟು ವರ್ಷ ಇಲ್ದಿದ್ದು ಈಗೆಂತ ಹೊಸ ಕಾನೂನು?"

"ಇಷ್ಟು ವರ್ಷ ಕಳಿಸಿದ್ದೇ ತಪ್ಪು. ಒಂದು ಪ್ಲಾಸ್ಟಿಕ್ ಕುರ್ಚಿ ಕೊಡೋಕೆ ನಿಮಗೆ ಎಷ್ಟು ಸಲ ಅವರ ರಕ್ತ ಬೇಕು? ಹೇಳಿ, ಇನ್ನೂ ಎಷ್ಟು ಬೇಕು?"

ಆ ಕಡೆಯಿಂದ ಫೋನಿಟ್ಟರು. ಆ ಎಸ್ಟೇಟಿನ ಸ್ಯಾಂಪಲ್‌ಗಳು ಅಲ್ಲಿಗೆ ನಿಂತವು. ಅವರನ್ನು ನೋಡಿ ಇನ್ನೆರಡು ಎಸ್ಟೇಟಿನವರೂ ಬೇರೆ ಲ್ಯಾಬಿಗೆ ಹೋದರು. ನಷ್ಟವಾಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕುರ್ಚಿ ಮಾತ್ರ ಇನ್ನೂ ಬಂದಿರಲಿಲ್ಲ. ಅದಕ್ಕೆ ಸಾಹುಕಾರರು ನಂಬುವ ಒಬ್ಬರೇ ಒಬ್ಬರು ಬರೆಯಬೇಕಿತ್ತು. ಆ ಭಾನುವಾರವೇ ರೈಟರಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೋಗಿ, ಫಿಜಿಶಿಯನ್ ಕ್ಲಿನಿಕ್ಕಿನ ಸಾಲಿನಲ್ಲಿ ಕೂತೆ. ಒಳಗೆ ಹೋದಾಗ ಅವರು ರಿಪೋರ್ಟ್ ನೋಡಿ ಅರಳಿದರು.

"ನಾನು ಹೇಳಲಿಲ್ವಾ? ಎಲ್ಲ ಥೈರಾಯ್ಡೇ. ಈಗ ನಾರ್ಮಲ್. ಇನ್ನೇನು ನೋವು ನಿನಗೆ?"

"ನೀವು ಇವರನ್ನ ಒಂದು ಸಲವಾದ್ರೂ ಮುಟ್ಟಿ ನೋಡಿದ್ದೀರಾ ಡಾಕ್ಟ್ರೇ?" ಎಂದೆ.

ಅವರು ನನ್ನ ಕಡೆ ನೋಡಿದರು. ಹೊರಗೆ ಸಾಲು ದೊಡ್ಡದಿತ್ತು. ನಾನು ಏಳಲಿಲ್ಲ. ಕೊನೆಗೆ ಅವರೇ ಎದ್ದು ಬಂದು ಆಕೆಯ ಭುಜದ ಮೇಲೆ ಹೆಬ್ಬೆರಳಿಟ್ಟು, ಉಗುರು ಬಿಳಿಚುವಷ್ಟು ಮಾತ್ರ ಒತ್ತಿದರು. ಆಕೆ ಕೂಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣಿನಿಂದ ನೀರು ತಾನಾಗಿ ಇಳಿಯಿತು. ಕತ್ತು, ಮೊಣಕೈ, ಸೊಂಟ, ಮಂಡಿ, ಎಲ್ಲಿ ಒತ್ತಿದರೂ ಅದೇ. ಅವರು ಕೈ ತೆಗೆದರು.

"ಇಷ್ಟಕ್ಕೆ ಇಷ್ಟು ನೋವಾಗಬಾರದು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಆಕೆಗೆ, "ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು.

ನನ್ನ ತಲೆಯೊಳಗೆ ಏನೋ ಸಿಡಿದ ಹಾಗಾಯಿತು. "ಹೇಳಿದ್ದರು! ಮೊದಲ ದಿನ ಹೇಳಿದ್ದರು, ಚೀಟಿ ಕೊಟ್ಟಿದ್ದರು. ನೀವು ಬಿಡಿಸಿ ನೋಡಲಿಲ್ಲ" ಎಂದೆ. ಹೊರಗಿನ ಸಾಲಿಗೂ ಕೇಳಿಸಿರಬೇಕು. ರೈಟರಮ್ಮ ಆ ಮಡಚಿದ ಚೀಟಿಯನ್ನು ಮತ್ತೆ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳು ಹರಿಯುವ ಹಾಗಾಗಿದ್ದವು. ಅವರು ಓದಿದರು, ಪೂರ್ತಿ ಓದಿದರು. ಆಮೇಲೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದರು: ಥೈರಾಯ್ಡ್ ಈಗ ಸರಿಯಿದೆ, ಅದನ್ನು ಹೀಗೇ ಕಾಯ್ದುಕೊಳ್ಳಬೇಕು, 'ಫೈಬ್ರೊಮಯಾಲ್ಜಿಯ' ಬೇರೆಯೇ ಕಾಯಿಲೆ, ಅದು ಈಕೆಗೆ ಇದೆ, ರೈಟರ್ ಕೆಲಸ ಮಾಡಬಲ್ಲರು, ಕೂತು ಮಾಡಬೇಕು.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತಿಗೆ ರೈಟರಮ್ಮ ಮುಂದಿನ ಪರೀಕ್ಷೆಗೆ ಬಂದಳು. ಈ ಸಲ ತನ್ನದೇ ದುಡ್ಡಿನಲ್ಲಿ. ನಾನು ಕುರ್ಚಿಯ ವಿಷಯ ಕೇಳಿದೆ.

"ಡಾಕ್ಟ್ರ ಚೀಟಿ ನೋಡಿ ಕೊಟ್ರು. ಮೊದ್ಲು ಮೊದ್ಲು ಸಾವ್ಕಾರ್ರ ಜೀಪು ಬಂದ ಸದ್ದಾದ ಕೂಡ್ಲೆ ಎದ್ದು ನಿಲ್ತಿದ್ದೆ. ಕಾಲು ತಾನಾಗೇ ಏಳದು. ಈಗ ಏಳದಿಲ್ಲ."

"ಅವರು ಏನೂ ಅನ್ನಲ್ವಾ?"

"ನನ್ನ ಕಡೆ ನೋಡದಿಲ್ಲ. ಹಣ್ಣಿನ ಕಡೆ ನೋಡ್ತಾರೆ."

ರಿಪೋರ್ಟನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಒಂದು ಕೇಳ್ಬೇಕು ಅಂತ ಬಾಳ ದಿನದಿಂದ. ರಿಪೋರ್ಟಲ್ಲಿ ಎಲ್ಲೂ ನನ್ನ ನೋವು ಬರ್ಲಿಲ್ವಲ್ಲ. ಕೊನೇಗೂ ಬರ್ಲಿಲ್ಲ. ಮತ್ತೆ ನೀವು ಹೆಂಗೆ ನಂಬಿದ್ರಿ?"

"ನೀವು ಹೇಳಿದ್ರಲ್ಲ" ಎಂದೆ.

ಅಷ್ಟಕ್ಕೆ ಆಕೆ ಅತ್ತಳು. ಮಸ್ಟರಿನಲ್ಲಿ ಬಾಯಿ ತೆರೆಸಿದಾಗ ಅಳದವಳು, ಭುಜ ಒತ್ತಿದಾಗ ಸೆರಗು ಕಚ್ಚಿಕೊಂಡವಳು, ಬಾಗಿಲಿಗೆ ಒರಗಿ, ಟೆಕ್ನಿಷಿಯನ್ ನೀರು ತಂದುಕೊಟ್ಟರೂ ಕುಡಿಯಲಾಗದಷ್ಟು ಅತ್ತಳು. ಆಮೇಲೆ ಬಾಳೂರಿನ ಬಸ್ಸಿಗೆ ಹೊತ್ತಾಯಿತೆಂದು ಮುಖ ಒರೆಸಿಕೊಂಡು ಹೋದಳು. ನಾನು ಹೇಳಿದ್ದು ಎರಡೇ ಪದ. ಈ ವಯಸ್ಸಿನವರೆಗೆ ಆಕೆಗೆ ಅದನ್ನು ಒಬ್ಬರೂ ಹೇಳಿರಲಿಲ್ಲ. ನೆನೆಸಿಕೊಂಡರೆ ನನಗೆ ಇವತ್ತೂ ಸಿಟ್ಟು ಬರುತ್ತದೆ.